ನವೀಕರಣ ಎನ್ನುವ ಕಾಲಂ

ನಮ್ಮ ಬೀದಿಗೆ ಬೆಳಗಾಗುವುದು ಕೆರೆಯುವ ಸದ್ದಿನಿಂದ. ಕಬ್ಬಿಣದ ಶೀಟಿಗೆ ಅಂಟಿ ಒಣಗಿದ ಕಾಂಕ್ರೀಟನ್ನು ಯಾರೋ ಉಳಿ ಹಿಡಿದು ಎಬ್ಬಿಸುತ್ತಾರೆ. ಕರ್ರ್ ಎಂದು ಒಂದು ಎಳೆತ, ಸ್ವಲ್ಪ ಮೌನ, ಆಮೇಲೆ ಶುಚಿಯಾದ ಶೀಟು ರಾಶಿಯ ಮೇಲೆ ಬಿದ್ದ ಢಣ್. ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರ ತಲೆದಿಂಬಿನಡಿ ಮುಖ ಹುದುಗಿಸುತ್ತಾರೆ. ಎರಡನೆಯ ತಿಂಗಳಿಗೆ, ಸದ್ದು ಬಾರದ ದಿನ ಎಚ್ಚರವೇ ಆಗಲಿಲ್ಲ ಎಂದು ಅವರೇ ದೂರುತ್ತಾರೆ.

ಸದ್ದು ಬರುವುದು ಬೀದಿಯ ತುದಿಯಲ್ಲಿರುವ ಅಂಗಳದಿಂದ. ಅದರ ಒಡತಿಯನ್ನು ಎಲ್ಲರೂ ಕರೆಯುವುದು ಸೆಂಟ್ರಿಂಗ್ ಅಕ್ಕ ಎಂದು. ತಾರಸಿ ಹಾಕುವಾಗ ಹಸಿ ಕಾಂಕ್ರೀಟು ಕೆಳಗೆ ಸುರಿಯದಂತೆ ಹಾಸುವ ಶೀಟುಗಳನ್ನೂ ಅವುಗಳನ್ನು ಹೊತ್ತು ನಿಲ್ಲುವ ಕಬ್ಬಿಣದ ಜಾಕಿಗಳನ್ನೂ ಬಾಡಿಗೆಗೆ ಕೊಡುವುದು ಅವಳ ಕಸುಬು. ಊರಿನ ಯಾವ ಮನೆಯ ತಾರಸಿಯೂ ಗಟ್ಟಿಯಾಗುವವರೆಗೆ ಅಕ್ಕನ ಕೈಮೇಲೆ ಮಲಗಿರುತ್ತದೆ. ಗಟ್ಟಿಯಾದ ಮೇಲೆ ಅವಳ ನೆನಪು ಯಾರಿಗೂ ಇರುವುದಿಲ್ಲ. ಅದಕ್ಕೆ ಅವಳಿಗೆ ಬೇಸರವೂ ಇಲ್ಲ. "ನಂದು ಸೂಲಗಿತ್ತಿ ಕೆಲಸ. ಮಗೂಗೆ ಹೆಸರು ಅವರೇ ಇಟ್ಕೊಳ್ಳಲಿ" ಎನ್ನುತ್ತಾಳೆ.

ಅಂಗಳ ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಬಡಗಿ. ಕೆಲಸವಿಲ್ಲದ ದಿನಗಳಲ್ಲಿ ತನ್ನ ಮರದ ಹಲಗೆಗಳನ್ನೇ ತಾರಸಿ ಕೆಲಸಕ್ಕೆ ಬಾಡಿಗೆ ಕೊಡಲು ಆರಂಭಿಸಿದ. ಅಲ್ಲಿಂದ ಕಸುಬು ಬೆಳೆಯಿತು. ಪಾಲಾಗುವಾಗ ಮುಖ್ಯ ರಸ್ತೆಯ ಅಂಗಡಿ ತಮ್ಮನಿಗೆ, ಹಿಂದಿನ ಅಂಗಳ ಅಕ್ಕನಿಗೆ. ತಮ್ಮನಿಗೆ ಚಿಕ್ಕಂದಿನಿಂದ ಹೊಳೆಯುವುದರ ಮೇಲೆ ಆಸೆ, ತುಕ್ಕು ಕಂಡರೆ ಮೂಗು ಮುರಿಯುವವನು. ಅವನು ಟೈಲ್ಸ್ ಅಂಗಡಿ ಇಟ್ಟ. ಇಬ್ಬರ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಅದಕ್ಕೆ ಚಿಲಕ ಹಾಕಿದ್ದನ್ನು ಯಾರೂ ಕಂಡಿಲ್ಲ.

ಕಸುಬು ಕೈಗೆ ಬಂದ ಹೊಸತರಲ್ಲಿ ಅಕ್ಕ ಊರಿನ ಮಾತನ್ನು ನಂಬಿದ್ದಳು. "ಈ ಸಲ ಊರೆಲ್ಲ ಮನೆ ಕಟ್ತಾರಂತೆ" ಎಂದು ಟೀ ಅಂಗಡಿಯಲ್ಲಿ ಯಾರೋ ಅಂದರು, ಅವಳ ಗಂಡ ಅದನ್ನು ಮನೆಗೆ ತಂದ, ಅವಳು ಶೀಟು ತರಿಸಿದಳು. ಊರೆಲ್ಲ ಎಂದರೆ ಆ ಟೀ ಅಂಗಡಿಯವನೊಬ್ಬನೇ ಎಂದು ಆಮೇಲೆ ತಿಳಿಯಿತು. ಹೊಸ ಶೀಟುಗಳ ನಡುವೆ ಜೇಡ ಮನೆ ಕಟ್ಟಿತು. "ಒಬ್ಬರಾದರೂ ಕಟ್ಟಿದರಲ್ಲ" ಎಂದು ಗಂಡ ಸಮಾಧಾನ ಹೇಳಿದ.

ಮರುವರ್ಷ ನೀರಿನ ತೆರಿಗೆ ಕಟ್ಟಲು ಪುರಸಭೆಗೆ ಹೋದವಳು ಸಾಲಿನಲ್ಲಿ ನಿಂತು ಗೋಡೆ ಓದುತ್ತಿದ್ದಳು. ಅಂಟಿಸಿದ್ದೆಲ್ಲವನ್ನೂ ಓದುವುದು ಅವಳ ಹಳೆಯ ಚಟ. ಅಲ್ಲಿ ಕಟ್ಟಡ ಪರವಾನಗಿ ಪಡೆದವರ ಒಂದು ಹಳೆಯ ಕಾಗದವಿತ್ತು, ಮೂಲೆ ಮಡಚಿ ಹಳದಿಯಾಗಿತ್ತು, ತೆಗೆಯಬೇಕಾದವರು ಮರೆತಿದ್ದರು. ಓದುತ್ತ ಓದುತ್ತ ಅವಳಿಗೆ ನಗು ಬಂತು. ಆ ವಾರ ತನ್ನ ಅಂಗಳಕ್ಕೆ ಶೀಟು ಕೇಳಿಕೊಂಡು ಬಂದವರೆಲ್ಲ ಅದರಲ್ಲಿದ್ದರು. ತಾನು ಊರಿನಲ್ಲಿ ಯಾರನ್ನೋ ಕೇಳುತ್ತ ಓಡಾಡುತ್ತಿದ್ದಾಗ ಈ ಗೋಡೆಗೆ ಎಲ್ಲ ಗೊತ್ತಿತ್ತು.

ಅಂದಿನಿಂದ ಪ್ರತಿ ತಿಂಗಳು ಹೊಸ ಕಾಗದ ಅಂಟಿದ ಕೂಡಲೇ ಅವಳು ಹಾಜರು. ಹೊಸ ಮನೆಯ ಅನುಮತಿ ಪಾಯ, ಗೋಡೆ ಎನ್ನುತ್ತ ನಿಧಾನವಾಗಿ ನಡೆದು ತನ್ನ ಬಾಗಿಲಿಗೆ ಬರುತ್ತದೆ, ಮೇಲ್ಮಹಡಿಯ ಅನುಮತಿ ಓಡಿ ಬರುತ್ತದೆ, ಏಕೆಂದರೆ ಅದಕ್ಕೆ ಪಾಯದ ಗೊಡವೆಯಿಲ್ಲ ಎಂದು ಅವಳು ಕಲಿತಳು. ಸಹಿ ನೋಡುವುದನ್ನೂ ಕಲಿತಳು. ಒಬ್ಬ ಇಂಜಿನಿಯರು ಸಹಿ ಹಾಕಿದರೆ ಮಸಿ ಒಣಗುವಷ್ಟರಲ್ಲಿ ಗುದ್ದಲಿ ಬೀಳುತ್ತದೆ. ಇನ್ನೊಬ್ಬ ಹಾಕಿದರೆ ಆ ಮನೆಯ ಹಸುಗೂಸು ಶಾಲೆಗೆ ಸೇರುವ ಹೊತ್ತಿಗೆ ಪಾಯ. ಇನ್ನು ಕೆಲವರು ಪ್ಲಾನು ಪಾಸು ಮಾಡಿಸುವುದು ಬ್ಯಾಂಕಿಗೆ ತೋರಿಸಲಿಕ್ಕೆ, ಕೆಲವರು ಬೀಗರಿಗೆ ತೋರಿಸಲಿಕ್ಕೆ. ಅಂಥವನ್ನು ಅಕ್ಕ ಕಾಗದದ ಮನೆ ಎನ್ನುತ್ತಾಳೆ. "ಕಾಗದದ ಮನೆಗೆ ಜಾಕಿ ಯಾಕೆ? ಗುಂಡುಸೂಜಿ ಸಾಕು."

ಸಿಮೆಂಟ್ ಅಂಗಡಿಯವರು, ಮರಳು ಹೊಡೆಯುವವರು, ಗಾರೆ ಮೇಸ್ತ್ರಿಗಳು ಅವಳನ್ನು ಕೇಳಿಕೊಂಡು ಬರುತ್ತಾರೆ. ಮುಂದಿನ ಬೇಸಗೆಗೆ ಯಾವ ಕಡೆ ಕೆಲಸ ಎದ್ದೀತು? ಅಕ್ಕ ಬಿಚ್ಚಿ ಹೇಳುತ್ತಾಳೆ. ಗೋಡೆಯ ಮೇಲಿರುವುದನ್ನು ಸೆರಗಿನಲ್ಲಿ ಕಟ್ಟಿಕೊಳ್ಳಲು ಆಗುತ್ತದೆಯೇ ಎಂಬುದು ಅವಳ ಮಾತು.

ಹೀಗಿರುವಾಗ ಊರಾಚೆಯ ಕಲ್ಲಿನ ಕ್ವಾರಿ ಮುಚ್ಚಿತು. ಗಡಿಯ ವಿಷಯದಲ್ಲಿ ಇಬ್ಬರು ಪಾಲುದಾರರಿಗೆ ಜಗಳವಾಗಿ ಕೋರ್ಟು ತಡೆ ಕೊಟ್ಟಿತು. ಜಲ್ಲಿ ಬರುವುದು ನಿಂತಿತು. ಜಲ್ಲಿಯಿಲ್ಲದೆ ಕಾಂಕ್ರೀಟಿಲ್ಲ, ಕಾಂಕ್ರೀಟಿಲ್ಲದೆ ಅಕ್ಕನಿಲ್ಲ. ಹೊರಗೆ ಹೋಗಿದ್ದ ಶೀಟುಗಳು ಒಂದೊಂದಾಗಿ ಅಂಗಳಕ್ಕೆ ಮರಳಿದವು, ಮತ್ತೆ ಹೊರಡಲಿಲ್ಲ. ಶೀಟು ಸಾಗಿಸುವ ಟೆಂಪೊ ಅವಳ ಗಂಡನದು. ಅವನು ಬೇರೆ ಕೆಲಸವಿಲ್ಲದೆ ದಿನಾ ಅದನ್ನು ಒರೆಸಿದ. ಅದರ ಮೈಯಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು ಎನ್ನುವಷ್ಟು ಹೊಳಪು ಬಂತು.

ಪುರಸಭೆಯ ಕಾಗದದಲ್ಲಿ ಹೊಸ ಮನೆಗಳ ಕಾಲಂ ತಿಂಗಳಿಂದ ತಿಂಗಳಿಗೆ ಬತ್ತಿತು. ಆದರೆ ಬಲತುದಿಯ ಒಂದು ಕಾಲಂ ಉಬ್ಬುತ್ತಿತ್ತು. ಅದರ ತಲೆಯ ಮೇಲೆ ಇದ್ದದ್ದು ಒಂದೇ ಪದ: ನವೀಕರಣ.

ಅದನ್ನು ಮೊದಲು ಹಿಡಿದವನು ತಮ್ಮ. ನಡುಬಾಗಿಲಿನಿಂದ ನುಗ್ಗಿ ಬಂದು, "ಅಕ್ಕಾ, ನೋಡ್ದ್ಯಾ? ಜನ ಹೊಸ ಮನೆ ಆಸೆ ಬಿಟ್ಟಿದಾರೆ. ಇರೋ ಮನೇನೇ ಹೊಸದು ಮಾಡ್ಕೊಳ್ತಿದಾರೆ. ನೆಲ ಕೀಳ್ತಾರೆ, ಬಚ್ಚಲು ಕೀಳ್ತಾರೆ, ಟೈಲ್ಸ್ ಹಾಕಿಸ್ತಾರೆ. ಕಾಲ ನನ್ನ ಕಡೆ ತಿರುಗಿತು ಕಣೇ" ಎಂದ.

ಅಕ್ಕ ಕಾಲಂ ನೋಡಿದಳು, ತಲೆ ಆಡಿಸಿದಳು. ಅವಳು ಸರಿಯನ್ನು ಎಷ್ಟು ಧೈರ್ಯದಿಂದ ಹೇಳುತ್ತಾಳೋ ತಪ್ಪನ್ನೂ ಅಷ್ಟೇ ಧೈರ್ಯದಿಂದ ಮಾಡುವವಳು. "ಹೌದು, ನಿಂದೇ ಕಾಲ" ಎಂದುಬಿಟ್ಟಳು.

ತಮ್ಮನಿಗೆ ಅಂಗಡಿಯ ಮೇಲೊಂದು ಮಹಡಿ ಎಬ್ಬಿಸಿ ದೊಡ್ಡ ಷೋರೂಮು ಮಾಡುವ ಆಸೆ ಬಹುದಿನದ್ದು. ಈಗ ಅದಕ್ಕೆ ಜೊತೆ ಬೇಕಿತ್ತು. ಅಕ್ಕ ಶೀಟು, ಜಾಕಿ ಎಲ್ಲ ಮಾರಿ ಅವನೊಂದಿಗೆ ಪಾಲಿಗೆ ನಿಲ್ಲುವುದು ಎಂದು ಮಾತಾಯಿತು. "ಇಷ್ಟು ವರ್ಷ ಕಬ್ಬಿಣ ಎಣಿಸ್ದೆ. ಇನ್ನು ಫ್ಯಾನ್ ಕೆಳಗೆ ಕೂತ್ಕೊ" ಎಂದ ತಮ್ಮ. ಪಕ್ಕದ ಊರಿನಲ್ಲಿ ಇದೇ ಕಸುಬಿನವನೊಬ್ಬನಿದ್ದ, ಮಾತಿಗೆ ಮೊದಲು ಮೀಸೆ ತಿರುವುವವನು. ಅಕ್ಕ ಅವನಿಗೆ ಫೋನು ಮಾಡಿದಳು. ಅವನು ಒಂದೇ ಮಾತಿಗೆ ಒಪ್ಪಿದ, ಸೋಮವಾರ ಲಾರಿ ತರುತ್ತೇನೆಂದ. ಮುಂಗಡ ಎಂದು ಅಕ್ಕ ಏನನ್ನೂ ತೆಗೆದುಕೊಳ್ಳಲಿಲ್ಲ. ಅವಳ ಬಾಯಿಮಾತೇ ರಸೀದಿ ಎಂಬುದು ಆ ಕಸುಬಿನಲ್ಲಿ ಎಲ್ಲರಿಗೂ ಗೊತ್ತು.

ಲಾರಿ ಬರುವ ಮುಂಚಿನ ಶನಿವಾರ ಅಕ್ಕ ತಮ್ಮನಿಗೆ ಅಂದಳು, "ಮಾಲು ಬುಕ್ ಮಾಡೋ ಮೊದಲು ಆ ನವೀಕರಣದ ಮನೆಗಳನ್ನ ಒಂದು ಸುತ್ತು ನೋಡಿ ಬರೋಣ. ಜನ ಬಚ್ಚಲು ಹೊಸದು ಮಾಡ್ತಿದಾರೋ, ಪಡಸಾಲೆನೋ? ಅದು ಗೊತ್ತಿಲ್ದೆ ಏನು ತರಿಸ್ತೀಯ?" ತಮ್ಮ ಮಾದರಿಗೆಂದು ದೊಡ್ಡ ಟೈಲ್ಸುಗಳ ಚೀಲ ಸ್ಕೂಟರಿನ ಮುಂದೆ ಇಟ್ಟುಕೊಂಡ, ಅಕ್ಕ ಹಿಂದೆ ಕೂತಳು.

ಮೊದಲ ವಿಳಾಸ ಊರಿನ ಪೂರ್ವದ ಹೊಸ ಬಡಾವಣೆಯಲ್ಲಿ. ಅಲ್ಲಿ ಮೊಣಕಾಲೆತ್ತರದ ಕಲ್ಲಿನ ಪಾಯವಿತ್ತು, ಪಾಯದೊಳಗೆ ಹುಲ್ಲು, ಹುಲ್ಲಿನಲ್ಲಿ ಒಂದು ಆಡು.

"ಅಡ್ರೆಸ್ ತಪ್ಪಿರ್ಬೇಕು" ಎಂದ ತಮ್ಮ.

"ಆಡನ್ನ ಕೇಳು."

ಎರಡನೆಯ ವಿಳಾಸದಲ್ಲಿ ಕಂಬಗಳು ನಿಂತಿದ್ದವು. ಮೇಲೆ ಚಾಚಿದ ಸರಳುಗಳಿಗೆ ತುಕ್ಕು ಹಿಡಿಯದಂತೆ ಪ್ಲಾಸ್ಟಿಕ್ ಚೀಲದ ಟೋಪಿ ಹಾಕಿದ್ದರು. ಗೋಡೆಯಿಲ್ಲ, ಕಿತ್ತು ಹಾಕಲು ನೆಲವಿಲ್ಲ. ತಮ್ಮ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದ. ಮೂರನೆಯ ಕಡೆ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಪಕ್ಕದ ಮನೆಯಾಕೆ ಬಟ್ಟೆ ಹರವುತ್ತಿದ್ದಳು.

"ಇಲ್ಲಿ ಮನೆ ರಿಪೇರಿ ಮಾಡಿಸ್ತಿದಾರಂತಲ್ಲಮ್ಮ?" ಅಕ್ಕ ಕೇಳಿದಳು.

"ಮನೆ ಇದ್ರೆ ತಾನೇ ರಿಪೇರಿ? ಸದ್ಯಕ್ಕೆ ಇಲ್ಲಿ ವಾಸ ಇರೋದು ನನ್ನ ಬಟ್ಟೆ ಒಂದೇ." ಆಕೆ ಕ್ಲಿಪ್ಪು ಸಿಕ್ಕಿಸುತ್ತ ನಕ್ಕಳು. "ಗಂಡ ಹೆಂಡತಿ ಭಾನುವಾರ ಭಾನುವಾರ ಬರ್ತಾರೆ. ನೀವು ನಿಂತಿದೀರಲ್ಲ, ಅದು ಅಡುಗೆಮನೆ. ಆಯಮ್ಮ ಅಲ್ಲೇ ಸ್ವಲ್ಪ ಹೊತ್ತು ನಿಂತು, ಕಿಟಕಿ ಬರೋ ಕಡೆ ನೋಡಿ ಹೋಗ್ತಾರೆ. ಮೊನ್ನೆ ಬಂದಾಗ ಪರ್ಮಿಷನ್ ಮುಗಿದಿತ್ತು, ಮತ್ತೆ ಮಾಡಿಸ್ಕೊಂಡ್ವಿ ಅಂದ್ರು."

ಅಕ್ಕ ಬಾರದ ಕಿಟಕಿಯ ಕಡೆ ನೋಡಿದಳು. ಅಲ್ಲಿಂದ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಆಮೇಲೆ ಪಾಯದ ಮೇಲೆ ಕೂತು ನಗತೊಡಗಿದಳು. ತಮ್ಮನಿಗೆ ಗಾಬರಿಯಾಯಿತು.

"ಏನೇ? ಬಿಸಿಲು ತಲೆಗೆ ಹತ್ತಿತಾ?"

"ನವೀಕರಣ ಕಣೋ" ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ. "ಮನೆ ನವೀಕರಣ ಅಲ್ಲ. ಕಾಗದದ ನವೀಕರಣ."

ಪುರಸಭೆಗೆ ಅಂದು ಅರ್ಧ ದಿನ. ಕೌಂಟರಿನ ಹಿಂದಿದ್ದ ಗುಮಾಸ್ತೆ ಆಗಲೇ ಚೀಲಕ್ಕೆ ಕನ್ನಡಕದ ಡಬ್ಬಿ ಹಾಕುತ್ತಿದ್ದಳು. ಅಕ್ಕನನ್ನು ಕಂಡು, "ಹೊಸ ಕಾಗದ ಇನ್ನೂ ಅಂಟಿಸಿಲ್ಲಕ್ಕ, ಗೋಡೆ ನೋಡಿ ಸುಮ್ನೆ ಬಾಯಾರಿಸ್ಕೋಬೇಡಿ" ಎಂದಳು.

"ಹಳೇದರ ವಿಷಯಕ್ಕೇ ಬಂದೆ. ನವೀಕರಣ ಅಂತ ಬರೆದಿದೀರಲ್ಲ, ಯಾವುದರದ್ದು?"

"ಪರವಾನಗಿದು. ಕೊಟ್ಟ ಅವಧಿಯೊಳಗೆ ಕಟ್ಟಿ ಮುಗಿಸ್ದೆ ಇದ್ರೆ ಮತ್ತೆ ಮಾಡಿಸ್ಬೇಕಲ್ಲ."

"ಮೊದಲು 'ಅವಧಿ ವಿಸ್ತರಣೆ' ಅಂತಿತ್ತು."

"ಇತ್ತು. ಹೊಸ ಸಾಹೇಬ್ರು ಕಂಪ್ಯೂಟರ್ ತಂದ್ರು. ಅದರ ಡಬ್ಬಿಯಲ್ಲಿ ಅಷ್ಟುದ್ದ ಹಿಡಿಸ್ಲಿಲ್ಲ. ಒಂದೇ ಪದ ಕೊಡಿ ಅಂದ್ರು, ಕೊಟ್ವಿ."

"'ಪರವಾನಗಿ' ಎಲ್ಲಿ ಹೋಯ್ತು?"

"ಅದೂ ಹಿಡಿಸ್ಲಿಲ್ಲ."

ತಮ್ಮ ಕೌಂಟರಿನ ಮೇಲೆ ಟೈಲ್ಸಿನ ಚೀಲ ಇಟ್ಟು ಬಗ್ಗಿ ಕೇಳಿದ. "ಮೇಡಂ, ಹಳೇ ಮನೆ ಹೊಸದು ಮಾಡಿಸೋರೂ ಅದರಲ್ಲಿ ಇರ್ತಾರಲ್ವಾ? ಸ್ವಲ್ಪನಾದ್ರೂ?"

"ಬಚ್ಚಲು ರಿಪೇರಿಗೆ ಪರ್ಮಿಷನ್ ಕೇಳೋ ಪುಣ್ಯಾತ್ಮನ್ನ ನಾನಿನ್ನೂ ನೋಡಿಲ್ಲ ಸ್ವಾಮಿ. ಅವರೆಲ್ಲ ಪರದೆ ಬಿಟ್ಕೊಂಡು ಒಳಗೊಳಗೇ ಒಡೀತಾರೆ." ಗುಮಾಸ್ತೆ ಚೀಲದ ಜಿಪ್ಪು ಎಳೆದಳು. "ಆ ಚೀಲ ತೆಗೀರಿ, ಕೌಂಟರ್ ಗಾಜು ಒಡೆದ್ರೆ ಅದಕ್ಕೆ ಅರ್ಜಿ ಬೇಕು."

ಆ ಸಂಜೆ ಅಕ್ಕನ ಮನೆಯ ಊಟದ ಮೇಜಿಗೆ ತಮ್ಮನೂ ಬಂದು ಕೂತ. ಗಂಡ ತಟ್ಟೆಗಳನ್ನಿಟ್ಟು ಸುಮ್ಮನೆ ಕೇಳುತ್ತಿದ್ದ. ಕಡಿಮೆ ಮಾತಿನ ಮನುಷ್ಯ. ಆಡುವುದಿದ್ದರೆ ಟೆಂಪೊದ ಹಾರನ್ನಿನಂತೆ, ತಿರುವಿನಲ್ಲಿ ಮಾತ್ರ.

"ಶೀಟು ಮಾರಲ್ಲ" ಎಂದಳು ಅಕ್ಕ.

"ಇದೇನು ಹೊಸ ರಾಗ?" ತಮ್ಮ ತಲೆ ಎತ್ತಿದ. "ಪದ ಯಾವುದಾದ್ರೇನು? ಹೊಸ ಮನೆ ಇಲ್ಲ, ರಿಪೇರೀನೂ ಇಲ್ಲ ಅಂದ ಮೇಲೆ ಇನ್ನೂ ಕೆಟ್ಟಿದೆ ಅಂತ ತಾನೇ ಅರ್ಥ? ಇರೋದನ್ನ ಮಾರಿ ಕೈ ತೊಳ್ಕೊ."

"ಯೋಚ್ನೆ ಮಾಡು. ಕಟ್ಟೋ ಆಸೆ ಬಿಟ್ಟೋನು ಏನು ಮಾಡ್ತಾನೆ? ಪರವಾನಗಿ ಮುಗಿದ್ರೆ ಮುಗೀಲಿ ಅಂತ ಬಿಡ್ತಾನೆ. ಬಿಡೋಕೆ ಏನೂ ಖರ್ಚಿಲ್ಲ. ಇವರೆಲ್ಲ ಸಾಲಲ್ಲಿ ನಿಂತು ಮತ್ತೆ ಮಾಡಿಸ್ಕೊಂಡಿದಾರೆ. ಪಾಯ ಹಾಕಿದ್ದಾಗಿದೆ, ಕಂಬ ಎಬ್ಬಿಸಿದ್ದಾಗಿದೆ. ಇನ್ನು ಉಳಿದಿರೋದೇನು? ನನ್ನ ಕೆಲಸ."

"ಅದು ಅವರ ಆಸೆ. ಆಸೆ ನಂಬ್ಕೊಂಡು ಅಂಗಳ ತುಂಬ ಕಬ್ಬಿಣ ಇಟ್ಕೊಂಡು ಕೂರ್ತೀಯಾ?"

"ಒಬ್ಬರ ಆಸೆ ಆಸೆ. ಊರಿಗೆ ಊರೇ ಆಸೆಪಟ್ರೆ ಅದನ್ನ ಮಾರ್ಕೆಟ್ ಅಂತಾರೆ ಕಣೋ. ಒಬ್ಬೊಬ್ಬರೂ ತಮ್ಮ ತಮ್ಮ ಮೇಸ್ತ್ರೀನ ಕೇಳಿರ್ತಾರೆ, ಮೇಸ್ತ್ರಿ ಕ್ವಾರಿಯವರನ್ನ ಕೇಳಿರ್ತಾನೆ. ಸುಮ್ಮನೆ ಹೋಗಿ ಸಾಲಲ್ಲಿ ನಿಲ್ತಾರಾ? ಒಬ್ಬ ಸುಳ್ಳು ಹೇಳಬಹುದು. ಇಡೀ ಕಾಲಂ ಸೇರ್ಕೊಂಡು ಸುಳ್ಳು ಹೇಳಲ್ಲ."

ತಮ್ಮ ಅನ್ನಕ್ಕೆ ಗುಳಿ ಮಾಡಿ, ಮುಚ್ಚಿ, ಮತ್ತೆ ಗುಳಿ ಮಾಡಿದ. ಆಗ ಗಂಡ ಬಾಯಿ ತೆರೆದ.

"ಮಾತು ಕೊಟ್ಟಿದೀಯ."

ಊಟವಾದ ಮೇಲೆ ಅಕ್ಕ ಅಂಗಳದ ದೀಪ ಹಾಕಿ ಶೀಟುಗಳ ರಾಶಿಯ ಪಕ್ಕ ಒಂದು ಸುತ್ತು ಬಂದಳು. ಕಾಲಂ ಬೇರೆ ರೀತಿ ಓದಿದ್ದರಿಂದ ಲೆಕ್ಕ ತಿರುಗಿತು, ಸರಿ. ಆದರೆ ಅವಳ ಬಾಯಿಂದ ಹೋದ ಮಾತು ತಿರುಗಿದ್ದು ಇದುವರೆಗೆ ಇರಲಿಲ್ಲ. ಅಂಗಳ ಉಳಿಯಬೇಕಾದರೆ ಅದನ್ನು ತಿರುಗಿಸಬೇಕಿತ್ತು.

ಸೋಮವಾರ ಲಾರಿ ಹಿಮ್ಮುಖವಾಗಿ ಅಂಗಳಕ್ಕೆ ಬಂತು. ಮೀಸೆಯವನು ಇಳಿದು, ಶೀಟುಗಳ ರಾಶಿಯನ್ನು ಕಣ್ಣಲ್ಲೇ ಅಳೆದು, ಜಾಕಿಯೊಂದನ್ನು ತಿರುಗಿಸಿ ನೋಡಿದ. ತಮ್ಮ ನಡುಬಾಗಿಲಲ್ಲಿ ನಿಂತಿದ್ದ. ಅಕ್ಕ ಮೀಸೆಯವನಿಗೆ ಕುರ್ಚಿ ಹಾಕಿ ಟೀ ಕೊಟ್ಟಳು.

"ನಿಮ್ಮೂರಲ್ಲಿ ಕೆಲಸ ಜೋರೇನಣ್ಣ?"

"ಎಲ್ಲಿ ಬಂತಕ್ಕ. ಜಲ್ಲೀನೇ ಇಲ್ಲ. ನಿಮ್ಮ ಥರಾನೇ ನಾನೂ ನೊಣ ಹೊಡೀತಿದೀನಿ."

"ನೊಣ ಹೊಡೆಯೋಕೆ ನನ್ನ ಶೀಟು ಬೇಕಾಯ್ತಾ?"

ಮೀಸೆಯವನು ಟೀ ಊದಿದ. ಆರಿದ್ದ ಟೀಯನ್ನೇ ಊದಿದ.

"ನಿಮ್ಮ ಪುರಸಭೆ ಕಾಗದ ಓದ್ತೀರಾ?" ಅಕ್ಕ ಕೇಳಿದಳು.

"ಓದ್ತೀನಿ. ಈ ವಿದ್ಯೆ ನಿಮ್ಮಿಂದಲೇ ತಾನೇ ಕಲ್ತಿದ್ದು."

"ಕೊನೇ ಕಾಲಂ ತಲೆ ಮೇಲೆ ಏನಂತಿದೆ?"

"ಅವಧಿ ವಿಸ್ತರಣೆ."

"ನಮ್ಮಲ್ಲಿ ನವೀಕರಣ ಅಂತ ಬರೆದ್ರು."

ಅವನಿಗೆ ತಿಳಿಯಲು ಒಂದು ಗುಟುಕು ಬೇಕಾಯಿತು. ಗುಟುಕು ನೆತ್ತಿಗೇರಿ ಕೆಮ್ಮಿ, ಕೆಮ್ಮಿನ ನಡುವೆಯೇ ನಕ್ಕ. "ಅಯ್ಯೋ ದೇವ್ರೇ! ಅದಕ್ಕಾ ಮಾರೋಕೆ ಹೊರಟಿದ್ದು? ಅಕ್ಕನಿಗೆ ವಯಸ್ಸಾಯ್ತು, ಸಾಕಾಗಿರ್ಬೇಕು ಅಂದ್ಕೊಂಡು ನಾನು ಬಾಯಿ ಮುಚ್ಕೊಂಡು ಬಂದೆ." ಆಮೇಲೆ ಮೀಸೆ ಒರೆಸಿಕೊಂಡು, ನಗು ಇಳಿಸಿ, "ಆದ್ರೆ ಮಾತು ಕೊಟ್ಟಿದೀರಿ" ಎಂದ.

"ಕೊಟ್ಟಿದೀನಿ. ಇಲ್ಲ ಅನ್ನಲ್ಲ. ತಪ್ಪು ಓದ್ಕೊಂಡು ಕೊಟ್ಟ ಮಾತು. ಫೋನಲ್ಲೇ ಬೇಡ ಅಂದುಬಿಡಬಹುದಿತ್ತು, ಅನ್ನಲಿಲ್ಲ. ಎದುರಿಗೆ ಕೂತು, ನಿಮ್ಮ ಮುಖ ನೋಡ್ಕೊಂಡೇ ವಾಪಸ್ ಕೇಳ್ತಿದೀನಿ."

"ನಾನು ಕೊಡಲ್ಲ ಅಂದ್ರೆ?"

"ಅಂದ್ರೆ ತುಂಬಿಸ್ಕೊಂಡು ಹೋಗಿ. ಅಡ್ಡ ನಿಲ್ಲಲ್ಲ. ಆದ್ರೆ ನಾನು ನಾಳೆಯಿಂದ ಬೇರೆ ಶೀಟು ತರಿಸ್ತೀನಿ, ಕಸುಬು ಬಿಡಲ್ಲ. ಅದನ್ನೂ ಈಗಲೇ ಹೇಳ್ತಿದೀನಿ."

ಲಾರಿಯ ಇಂಜಿನು ಚಿಟಚಿಟ ಎನ್ನುತ್ತ ತಣ್ಣಗಾಗುತ್ತಿತ್ತು. ಮೀಸೆಯವನು ಅಂಗಳ ನೋಡಿದ, ಅಕ್ಕನನ್ನು ನೋಡಿದ.

"ಲಾರಿ ಖಾಲಿ ಹೋದ್ರೆ ನಮ್ಮೂರಲ್ಲಿ ಆಡ್ಕೊಳ್ತಾರಲ್ಲಕ್ಕ."

"ಖಾಲಿ ಕಳಿಸಲ್ಲ. ಅಲ್ಲಿ ಮಾಡಿನ ಕೆಳಗೆ ನೋಡಿ. ಅಪ್ಪನ ಹಲಗೆ. ಒಳ್ಳೇ ಮರ, ಗೆದ್ದಲು ಮುಟ್ಟಿಲ್ಲ. ತಾರಸಿ ಅಂಚಿಗೆ, ಮೆಟ್ಟಿಲಿಗೆ ಹೇಳಿ ಮಾಡಿಸಿದ್ದು. ಅದನ್ನ ತಗೊಂಡು ಹೋಗಿ."

ಗಂಡ ಟೆಂಪೊ ಒರೆಸುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದ. ಆ ಹಲಗೆಗಳನ್ನು ಅವಳು ಇದುವರೆಗೆ ಯಾರಿಗೂ ಬಾಡಿಗೆಗೂ ಕೊಟ್ಟಿರಲಿಲ್ಲ. ಅಕ್ಕ ಅವನ ಕಡೆ ನೋಡಲಿಲ್ಲ. ಮೀಸೆಯವನು ಎದ್ದು ಹೋಗಿ ಒಂದು ಹಲಗೆಯ ಮೇಲೆ ಅಂಗೈ ಆಡಿಸಿದ, ಬೆರಳ ಗೆಣ್ಣಿನಿಂದ ಬಡಿದು ಕೇಳಿದ. "ಈಗೆಲ್ಲಿ ಸಿಗುತ್ತೆ ಇಂಥ ಮರ" ಎಂದು ತನಗೆ ತಾನೇ ಹೇಳಿಕೊಂಡು ತನ್ನವರನ್ನು ಕೂಗಿದ. ಹಲಗೆಗಳು ಒಂದೊಂದಾಗಿ ಲಾರಿ ಹತ್ತಿದವು. ಹೊರಡುವಾಗ ಅವನು ಕಿಟಕಿಯಿಂದ ತಲೆ ಹಾಕಿ, "ಮಾತು ವಾಪಸ್ ಕೊಟ್ಟಿದೀನಕ್ಕ, ಸರಿಯಾಗಿ ಎಣಿಸ್ಕೊಳ್ಳಿ" ಎಂದ.

ಲಾರಿ ಹೋದ ಮೇಲೆ ತಮ್ಮ ನಡುಬಾಗಿಲಿನಿಂದ ಮೆಲ್ಲಗೆ ಬಂದ. ಮುಖ ಸಪ್ಪಗಿತ್ತು.

"ನಿಂದು ಉಳೀತು. ನನ್ನ ಮಹಡಿ?"

"ಅದೂ ಏಳುತ್ತೆ. ನಿಂಗೆ ಅವಸರ, ಅಷ್ಟೇ ತೊಂದರೆ. ಜನಕ್ಕೆ ಮೊದಲು ಬೇಕಾಗೋದು ತಲೆ ಮೇಲಿಂದು, ಕಾಲ ಕೆಳಗಿಂದು ಆಮೇಲೆ. ಈ ಮನೆಗಳಿಗೆಲ್ಲ ತಾರಸಿ ಮೋಲ್ಡ್ ಬೀಳಲಿ, ಗೋಡೆ ಗಿಲಾವು ಆಗಲಿ. ನಿನ್ನ ಗಿರಾಕಿಗಳು ಒಬ್ಬರೂ ತಪ್ಪಿಸ್ಕೊಳ್ಳಲ್ಲ, ನನ್ನ ಕೈ ದಾಟಿಯೇ ನಿನ್ನ ಹತ್ರ ಬರೋದು. ಅಲ್ಲೀವರೆಗೂ ಮಾಲು ತರಿಸ್ಬೇಡ."

"ಕ್ವಾರಿ ತೆರೆಯೋದು ತಡ ಆದ್ರೆ?"

"ಆದ್ರೆ ಆಗಲಿ. ಕಂಬಗಳೇನು ಎದ್ದು ಹೋಗ್ತವಾ?"

ತಮ್ಮನಿಗೆ ನಗು ಬಂತು, ತಡೆದುಕೊಂಡ. "ಟೈಲ್ಸ್ ಕಂಪನಿಯವನಿಗೆ ಆಗಲೇ ಆರ್ಡರ್ ಅಂತ ಹೇಳ್ಬಿಟ್ಟಿದೀನಲ್ಲೇ."

ಅಕ್ಕ ಆಗಲೇ ಚಪ್ಪಲಿ ಮೆಟ್ಟಿದ್ದಳು. ಆ ಬಡಾವಣೆಯ ಪಾಯಗಳ ಒಡೆಯರನ್ನೆಲ್ಲ ಬೇರೆ ಯಾವ ಅಂಗಳದವರೂ ಹೋಗಿ ಮಾತಾಡಿಸುವ ಮೊದಲೇ ತಾನು ಮಾತಾಡಿಸಬೇಕಿತ್ತು. ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡು ಗೇಟು ದಾಟಿದಳು, ತಮ್ಮ ಗೇಟಿನವರೆಗೂ ಹಿಂದೆಯೇ ಬಂದ. ಅವಳು ತಿರುಗದೆ, ನಡಿಗೆ ನಿಲ್ಲಿಸದೆ ಹೇಳುತ್ತಲೇ ಹೋದಳು, "ಮೊದಲು ಅವನಿಗೆ ಫೋನ್ ಹಚ್ಚು. ಆರ್ಡರ್ ಬೇಡ ಅನ್ಬೇಡ, ಸ್ವಲ್ಪ ತಡೀರಿ ಅನ್ನು. ಅಕ್ಕ ಹೇಳಿದ್ಲು ಅಂತ ಮಾತ್ರ ಬಾಯಿ ಬಿಡ್ಬೇಡ, ನೀನೇ ಯೋಚ್ನೆ ಮಾಡಿದೀಯ ಅನ್ನೋ ಥರ ಗಂಭೀರವಾಗಿ ಮಾತಾಡು, ಯಾಕಂದ್ರೆ ಅವನು ನಿನ್ನ ಮಾತು ನಂಬ್ಬೇಕು, ನಾಳೆ ಮಾಲು ತರಿಸೋನು ನೀನೇ."